ಮರದ ಕೆಳಗಿನ ಹಕ್ಕು

ಮರಕ್ಕೆ ಬಡಿದಿದ್ದ ತಗಡಿನ ಮೇಲೆ ನಲವತ್ತೊಂದು ಅಂತ ಬರೆದಿತ್ತು. ಸರಳಾಳ ಮೊಬೈಲಿನಲ್ಲೂ ನಲವತ್ತೊಂದೇ. ಅಷ್ಟಕ್ಕೇ ಅವಳ ಕಣ್ಣು ತುಂಬಿ ಬಂತು. ಕೋಲಾರದ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿ, ಬಾಡಿಗೆ ಮನೆಗಳಲ್ಲೇ ಆಯುಷ್ಯ ಕಳೆದವಳು. ಇದು ನನ್ನದು ಎನ್ನಲು ಒಂದು ಗಿಡವೂ ಇರಲಿಲ್ಲ. ‘ಒಂದು ಕ್ರಿಪ್ಟೊ ಟೋಕನ್ ಕೊಳ್ಳಿ, ರಾಯಲ್ಪಾಡಿನ ಒಂದು ಮಾವಿನ ಮರ ನಿಮ್ಮದು’ ಎಂಬ ಜಾಹೀರಾತು ಕಂಡಾಗ ಚಿನ್ನದ ಬಳೆ ಮಾರಿ ಕೊಂಡಿದ್ದಳು. ಈಗ ಕಂಪನಿಯಲ್ಲಿ ಫೋನ್ ಎತ್ತುವವರಿಲ್ಲ. ಪುಣ್ಯಕ್ಕೆ ಮರ ಮಾತ್ರ ಎಲ್ಲೂ ಓಡಿಹೋಗಿರಲಿಲ್ಲ.

“ರಾಮ್ಮಾ, ಕೂಚೋ,” ಎಂದು ತೋಪಿನ ಒಡತಿ ಬಚ್ಚಮ್ಮ ತೆಲುಗಿನಲ್ಲೇ ಕರೆದು ಕೂರಿಸಿ, ಚೊಂಬಿನಲ್ಲಿ ನೀರು ಕೊಟ್ಟಳು. “ನೀನೂ ಫೋನಲ್ಲಿ ಮರ ತಗೊಂಡೋಳಾ? ಇದೇ ಮರಕ್ಕೆ ನೀನು ಮೂರನೆಯೋಳು ಕಣಮ್ಮ.”

ಸರಳಾ ಚೊಂಬು ಕೆಳಗಿಟ್ಟಳು. “ನೀವು ಕಂಪನಿಯವ್ರಿಗೆ ಮಾರಿರಲಿಲ್ವಾ ಅಕ್ಕಾ?”

“ಯಾರು ಮಾರಿದ್ದು? ನಂಬರ್ ಹೊಡ್ಕೋತೀವಿ ಅಂದ್ರು, ಫೋಟೋ ಹಿಡ್ಕೊಂಡ್ರು, ಹೋದ್ರು. ಮರ ಕೊಟ್ಟೆ ಅಂತ ನಾನು ಎಲ್ಲೂ ಸೈನ್ ಹಾಕಿಲ್ಲ.”

ಲಾಯರ್ ಚಂದ್ರಮೋಹನ್ ಮೊನ್ನೆ ಹೇಳಿದ್ದೂ ಇದನ್ನೇ. “ಟೋಕನ್ ನಿಮ್ಮ ಆಸ್ತೀನೇ ಮೇಡಂ. ಮಾರಿ ಲಾಭ ಬಂದ್ರೆ ತೆರಿಗೇನೂ ಕಟ್ಟಬೇಕು. ಮೋಸ ಆಗಿದೆ ಅಂತ ಕಂಪನಿ ಮೇಲೆ ಕೇಸೂ ಹಾಕಬಹುದು. ಆದ್ರೆ ಮರದ ಮೇಲೆ ಹಕ್ಕು ಬೇಕಂದ್ರೆ ನೆಲದವರೇ ಬರೆದುಕೊಡಬೇಕಿತ್ತು.” ಸರಳಾ ದೊಡ್ಡ ಆಸೆಯನ್ನೆಲ್ಲ ಬಿಟ್ಟೇ ಬಸ್ಸು ಹತ್ತಿದ್ದಳು. ನನ್ನ ಮರದ್ದು ಎಂದು ಹೇಳಿಕೊಂಡು ನಾಲ್ಕು ಹಣ್ಣು ಮನೆಗೆ ಒಯ್ದರೆ ಸಾಕಿತ್ತು. ಅದಕ್ಕೇ ಚೀಲ ತಂದಿದ್ದಳು.

“ನಾಲ್ಕೇ ಹಣ್ಣು ಅಕ್ಕಾ, ಕಿತ್ಕೊಡಿ.”

ಬಚ್ಚಮ್ಮನ ಮುಖ ಸಣ್ಣಗಾಯಿತು. “ನಂದಾಗಿದ್ರೆ ಕೊಡ್ತಿದ್ದೆ ತಾಯಿ. ಹೂ ಬಿಟ್ಟಾಗಲೇ ಫಸಲನ್ನ ವ್ಯಾಪಾರಿಗೆ ಗುತ್ತಿಗೆ ಕೊಟ್ಟಾಯ್ತು. ಕೊಯ್ಲು ಮುಗಿಯೋವರ್ಗೂ ನಾನೇ ಕೊಂಬೆಗೆ ಕೈ ಹಾಕಂಗಿಲ್ಲ.”

“ನೆಲ ನಿಮ್ದು, ಹಣ್ಣು ವ್ಯಾಪಾರಿದು. ಹಂಗಾದ್ರೆ ನಂದೇನು?”

ಬಚ್ಚಮ್ಮ ಮರದ ಬುಡದತ್ತ ನೋಡಿದಳು. ಅಷ್ಟು ದೂರದಿಂದ ಬಂದವಳನ್ನು ಹಾಗೇ ಕಳಿಸಲು ಅವಳಿಗೂ ಸಂಕಟ. “ಬಿದ್ದ ಹಣ್ಣು ಬಂದೋರದ್ದು. ಮರದ ಕೆಳಗೇ ಕೂತು ತಿನ್ನಬೋದು, ಚೀಲಕ್ಕೆ ಹಾಕ್ಕೊಂಡು ಹೋಗಂಗಿಲ್ಲ. ನಮ್ಮ ತೋಪಲ್ಲಿ ಮೊದ್ಲಿಂದ್ಲೂ ಹಂಗೇ. ದಾರೀಲಿ ಹೋಗೋರಿಗೂ ಅಷ್ಟೇ, ನಿಂಗೂ ಅಷ್ಟೇ, ಈಗ ನಂಗೂ ಅಷ್ಟೇ.”

ಸರಳಾಗೆ ನಗು ಬಂತು. ಅದರ ಹಿಂದೆಯೇ ಅಳುವೂ ಬಂತು. ತಂದಿದ್ದ ಚೀಲವನ್ನೇ ನೆಲಕ್ಕೆ ಹಾಸಿ ಕೂತಳು. ಬಚ್ಚಮ್ಮನೂ ಪಕ್ಕಕ್ಕೆ ಬಂದು ಕೂತಳು. ಕೆಳಗೆ ಒಂದು ಹಣ್ಣೂ ಬಿದ್ದಿರಲಿಲ್ಲ, ಮೇಲೆ ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ. ಮರದ ಒಡತಿಯರಿಬ್ಬರೂ ಕತ್ತೆತ್ತಿ, ಗಾಳಿ ಬೀಸುವುದನ್ನೇ ಕಾಯತೊಡಗಿದರು.