ಕಾರು ಒಯ್ಯಲು ಬಂದವನು

ಇಲಾಖೆಯ ಡ್ರೈವರ್ ಕಾರಿನೊಳಗೆ ಕೂತು ಬಹಳ ಹೊತ್ತಾಗಿತ್ತು, ಕಾರು ಮಾತ್ರ ಗೇಟು ದಾಟಿರಲಿಲ್ಲ. ಅವನು ಕೈಗೆ ಸಿಕ್ಕಿದ್ದನ್ನೆಲ್ಲ ಒತ್ತಿ ಎಳೆದು ನೋಡುತ್ತಿದ್ದ. ಕಾರು ಒಮ್ಮೆ ಮುಂದಕ್ಕೆ ಹಾರಿತು, ಒಮ್ಮೆ ಗಕ್ಕನೆ ನಿಂತಿತು, ಕೊನೆಗೆ ಗೇಟಿನ ಕಂಬಕ್ಕೆ ಮೂಗು ತಾಗಿಸಿ ಸುಮ್ಮನಾಯಿತು. ಬಗ್ಗಿ ಕಾಲಡಿ ನೋಡಿದರೆ ಪೆಡಲುಗಳಿಗೆ ತಗಡು ಮುಚ್ಚಿತ್ತು.

"ಇದರ ಬ್ರೇಕು ಎಲ್ಲಿದೆ ಅಕ್ಕಾ?" ಎಂದು ಕಿಟಕಿಯಿಂದ ತಲೆ ಹೊರಗೆ ಹಾಕಿ ಕೇಳಿದ.

"ಕಾರು ಕಿತ್ಕೊಂಡು ಹೋಗೋಕೆ ಬಂದೋರಿಗೆ ಬ್ರೇಕು ಎಲ್ಲಿದೆ ಅಂತ ನಾನು ಬೇರೆ ಹೇಳ್ಕೊಡಬೇಕಾ?" ಎಂದಳು ಅಕ್ಕ.

ಕಾರು ಅವಳದಲ್ಲ, ತಂಗಿಯದು. ಕಾಲುಗಳಲ್ಲಿ ಬಲವಿಲ್ಲದ ತಂಗಿಗೆ ಸರ್ಕಾರ ರಿಯಾಯಿತಿ ಬಾಡಿಗೆಗೆ ಕೊಟ್ಟಿದ್ದ, ಎಲ್ಲವನ್ನೂ ಕೈಯಿಂದಲೇ ನಡೆಸುವ ಕಾರು. ಅದರಲ್ಲೇ ಅವಳು ದಿನಾ ಊರಾಚೆಯ ಲಾಡ್ಜಿಗೆ ಹೋಗಿ ರಿಸೆಪ್ಷನ್ನಿನಲ್ಲಿ ಕೂರುತ್ತಿದ್ದಳು. ಬಸ್ಸಿನ ಮೆಟ್ಟಿಲು ಹತ್ತುವುದು ಅವಳಿಂದಾಗದು. ಕಾರು ಹೋದರೆ ಕೆಲಸವೂ ಹೋದಂತೆಯೇ. ಲಾಡ್ಜಿನ ಮ್ಯಾನೇಜರು ಆಗಲೇ ಬೇರೆ ಹುಡುಗಿಯನ್ನು ನೋಡಿಟ್ಟಿದ್ದ.

ಇಷ್ಟಕ್ಕೆಲ್ಲ ಕಾರಣ ಆ ತಂಗಿಯ ಮರ್ಯಾದೆ. ಇವನ್ನೇ ಪುಕ್ಕಟೆ ಕಾರುಗಳೆಂದು ಟೀವಿಯಲ್ಲಿ ದಿನಾ ಕೂಗಾಟ ಶುರುವಾದ ಮೇಲೆ, ಯಾರದು ನಿಜ ಯಾರದು ನಾಟಕ ಎಂದು ನೋಡಲು ಇಲಾಖೆಯವರು ಮನೆಮನೆಗೆ ಬರತೊಡಗಿದ್ದರು. ಪರೀಕ್ಷಕಿ ಬರುವ ದಿನ ಅಕ್ಕ ಗಿಳಿಗೆ ಹೇಳಿದ ಹಾಗೆ ಹೇಳಿದ್ದಳು: "ಎದ್ದೇಳಬೇಡ. ಹೇಗಿದ್ದೀರಿ ಅಂದ್ರೆ ಚೆನ್ನಾಗಿದ್ದೀನಿ ಅನ್ನಬೇಡ. ದಯವಿಟ್ಟು ನಗಬೇಡ." ತಂಗಿ ಎಲ್ಲಕ್ಕೂ ಹೂಂಗುಟ್ಟಿದ್ದಳು. ಬಾಗಿಲಲ್ಲಿ ಹೊಸ ಮುಖ ಕಂಡದ್ದೇ ತಡ, ವರ್ಷಗಟ್ಟಲೆ ಮಾಡಿದ ಕೆಲಸ ಅವಳನ್ನು ಎಬ್ಬಿಸಿ ನಿಲ್ಲಿಸಿತು. ಮೇಜಿನ ಅಂಚು ಹಿಡಿದ ತೋಳು ನಡುಗುತ್ತಿದ್ದರೂ ಮುಖದ ತುಂಬ ನಗು. "ನಮಸ್ಕಾರ, ಬನ್ನಿ, ಕೂತ್ಕೊಳ್ಳಿ." ಪರೀಕ್ಷಕಿ "ಹೇಗಿದ್ದೀರಿ?" ಎಂದಳು. "ತುಂಬಾ ಚೆನ್ನಾಗಿದ್ದೀನಿ ಮೇಡಂ, ನೀವು?" ಅಲ್ಲಿಗೆ ಕಥೆ ಮುಗಿಯಿತು; ಇವಳಿಗೆ ಕಾರಿನ ಅಗತ್ಯವಿಲ್ಲ ಎಂದು ಬರೆದುಕೊಂಡು ಪರೀಕ್ಷಕಿ ಹೊರಟಳು. ಆಮೇಲೆ ತಂಗಿ ಎರಡು ದಿನ ಹಾಸಿಗೆ ಬಿಟ್ಟೇಳಲಿಲ್ಲ. ಅದನ್ನು ನೋಡಲು ಇಲಾಖೆಯಿಂದ ಯಾರೂ ಬರಲಿಲ್ಲ.

ಗಲಾಟೆ ಕೇಳಿ ಎದುರು ಮನೆಯ ಯಜಮಾನರು ಟೀ ಲೋಟ ಹಿಡಿದುಕೊಂಡೇ ರಸ್ತೆ ದಾಟಿ ಬಂದರು. ರಾತ್ರಿ ಟೀವಿಯಲ್ಲಿ ಕೇಳಿದ್ದನ್ನು ಬೆಳಗ್ಗೆ ಬೀದಿಗೆಲ್ಲ ಬಡಿಸದಿದ್ದರೆ ಅವರಿಗೆ ತಿಂದದ್ದು ಅರಗುವುದಿಲ್ಲ.

"ಕಂಬಕ್ಕೆ ಗುದ್ದಬೇಡಪ್ಪಾ, ನಮ್ಮ ತೆರಿಗೆ ದುಡ್ಡಿನ ಕಾರದು. ಇಳಿ, ನಾನು ತೆಗೆದುಕೊಡ್ತೀನಿ. ನಿನ್ನ ವಯಸ್ಸಿನಷ್ಟು ವರ್ಷ ಗಾಡಿ ಓಡಿಸಿದೀನಿ."

ಲೋಟ ಹಿಡಿದೇ ಕೂತರು. ಕಾರು ರಭಸದಿಂದ ಹಿಂದಕ್ಕೆ ನುಗ್ಗಿ ಅಕ್ಕನ ಹೂಕುಂಡ ಒಡೆಯಿತು, ಟೀ ಪೂರ್ತಿ ಅವರ ಶರ್ಟಿನ ಮೇಲೆ ಬಿತ್ತು. "ಇದೆಂಥ ಗಾಡಿ ರೀ, ಮನುಷ್ಯರು ಓಡಿಸೋದಾ ಇದು?" ಎನ್ನುತ್ತ ಇಳಿದರು.

ಅಷ್ಟರಲ್ಲಿ ತಂಗಿ ಊರುಗೋಲು ಊರಿಕೊಂಡು ಬಾಗಿಲಿಗೆ ಬಂದಳು. "ಎಡಗಡೆ ಒಂದು ಹಿಡಿ ಇದೆ ನೋಡಿ. ಮುಂದಕ್ಕೆ ಒತ್ತಿದ್ರೆ ಬ್ರೇಕು, ಕೆಳಕ್ಕೆ ಒತ್ತಿದ್ರೆ ಸ್ಪೀಡು. ಸುಸ್ತಾಗಿದೀರಿ, ಟೀ ತಗೋತೀರಾ?"

"ಇವನಿಗೆ ಟೀ ಬೇರೆ ಕೇಡು," ಎಂದಳು ಅಕ್ಕ.

ಡ್ರೈವರ್ ಮೂಲೆಗೆ ಹೋಗಿ ಸಾಹೇಬರಿಗೆ ಫೋನು ಮಾಡಿದ. ತಲೆ ಕೆರೆದುಕೊಳ್ಳುತ್ತ ತಂಗಿಯ ಬಳಿ ಬಂದ. "ಕಾರು ಇವತ್ತೇ ಡಿಪೊಗೆ ಬರಲೇಬೇಕಂತೆ. ಮೇಡಂ, ನೀವೇ ಸ್ವಲ್ಪ ತಂದು ಬಿಟ್ಟುಕೊಡ್ತೀರಾ?"

ಅಕ್ಕ ಅವನೆದುರು ಬಂದು ನಿಂತಳು. "ಇವಳಿಗೆ ಈ ಕಾರು ಬೇಕಿಲ್ಲ ಅಂತ ಬರೆದೋರು ನೀವೇ ತಾನೆ? ಕಾಲು ನೆಟ್ಟಗಿರೋ ಇಬ್ಬರು ಗಂಡಸರ ಕೈಲಿ ಗೇಟು ದಾಟಿಸೋಕಾಗಲಿಲ್ಲ. ಅದನ್ನ ಇವಳೇ ಓಡಿಸ್ಕೊಂಡು ಬಂದು ನಿಮ್ಮ ಕೈಗೆ ಕೊಡಬೇಕಾ?"

"ನಾನು ಬರೆದದ್ದಲ್ಲ ಅಕ್ಕಾ. ನಾನು ಬರೀ ಡ್ರೈವರ್ರು."

"ಅದೂ ಅಲ್ಲ ಅಂತ ಈಗ ಗೊತ್ತಾಯ್ತಲ್ಲ."

"ಬಿಡಕ್ಕಾ," ಎಂದಳು ತಂಗಿ. "ಪಾಪ, ಅವರ ಕೆಲಸ ಅದು."

"ಮತ್ತೆ ನಿನ್ನ ಕೆಲಸ?"

ತಂಗಿಯ ಮುಖದ ಮೇಲಿನ ನಗು ಆರಿಹೋಯಿತು. ಅವಳ ಭುಜ ಹಿಡಿದು ಅಲುಗಾಡಿಸಬೇಕು ಎನ್ನಿಸಿತು ಅಕ್ಕನಿಗೆ, ಹಾಗೇ ಅಪ್ಪಿಕೊಂಡುಬಿಡಬೇಕು ಎಂದೂ ಅನ್ನಿಸಿತು. ಎರಡನ್ನೂ ಮಾಡದೆ ಊರುಗೋಲುಗಳನ್ನು ಇಸಿದುಕೊಂಡಳು. ತಂಗಿ ಕಾರಿನ ಬಾಗಿಲು ಹಿಡಿದು ಸೀಟಿಗೆ ಜಾರಿ, ಕೈಯಿಂದ ಕಾಲುಗಳನ್ನು ಒಂದೊಂದಾಗಿ ಎತ್ತಿ ಒಳಗಿಟ್ಟುಕೊಂಡಳು. ಡ್ರೈವರ್ ಅತ್ತ ನೋಡಲಾರದೆ ಮುಖ ತಿರುಗಿಸಿದ.

"ಡಿಪೊದಲ್ಲಿ ನೀವು ಕಾರು ಇಸ್ಕೊಂಡ ಮೇಲೆ ಇವಳು ಮನೆಗೆ ಬರೋದು ಹೇಗೆ?" ಎಂದು ಅಕ್ಕ ಕೇಳಿದಳು.

"ಅಲ್ಲೇ ಬಸ್ ಸ್ಟಾಪ್ ಇದೆ ಅಕ್ಕಾ," ಎಂದ ಡ್ರೈವರ್, ಸಮಾಧಾನ ಹೇಳುವ ದನಿಯಲ್ಲಿ. "ಹತ್ತು ನಿಮಿಷ ನಡೆದ್ರೆ ಸಿಗುತ್ತೆ."

ಅಕ್ಕ ಊರುಗೋಲುಗಳನ್ನು ತೊಡೆಯ ಮೇಲಿಟ್ಟುಕೊಂಡು ಹಿಂದಿನ ಸೀಟಿನಲ್ಲಿ ಕೂತಳು. ಡ್ರೈವರ್ ಮುಂದೆ, ತಂಗಿಯ ಪಕ್ಕದಲ್ಲಿ ಮುದುಡಿ ಕೂತ. ತಂಗಿ ಒಡೆದ ಕುಂಡದ ಬಳಿಯಿಂದ ಕಾರನ್ನು ನಿಧಾನವಾಗಿ ಮುಂದಕ್ಕೆ ತಂದು, ಎರಡು ಕಂಬಗಳ ನಡುವೆ ಎಲ್ಲೂ ತಾಗದಂತೆ ರಸ್ತೆಗೆ ಇಳಿಸಿದಳು. ಒದ್ದೆ ಶರ್ಟಿನ ಯಜಮಾನರು ಬದಿಗೆ ಸರಿದು, ಬೀದಿಗೆಲ್ಲ ಕೇಳುವಂತೆ ಹೇಳಿದರು:

"ನೋಡಿ, ಎಷ್ಟು ಸಲೀಸಾಗಿ ಓಡಿಸ್ತಾಳೆ. ಇವಳಿಗೇನು ಧಾಡಿ?"