ತುಳಸಿಗೆ ಹತ್ತಿದ ಹುಳ

ಒಬ್ಬನೇ ಮಗ ಹಡಗಿನ ಕೆಲಸಕ್ಕೆ ಹೊರಟ ದಿನ ಅತ್ತೆ ನೆಟ್ಟ ತುಳಸಿ ಅದು. ಅವನು ಹೋಗಿ ಆರು ತಿಂಗಳಾಗಿತ್ತು. ಬರುವುದು ಇನ್ನೂ ದೂರವಿತ್ತು. ಈಗ ಗಿಡ ಎಲೆ ಉದುರಿಸುತ್ತಿತ್ತು. ಅತ್ತೆ ಮಂಡಿನೋವು ಮರೆತು ಕಟ್ಟೆಯ ಬಳಿ ಬಂದು ನಿಂತಾಗ ಸೊಸೆ ಹತ್ತಿಯಿಂದ ಕಾಂಡ ಒರೆಸುತ್ತಿದ್ದಳು.

“ಇದು ಒಣಗಿದ್ರೆ ನನ್ನ ಮಗನಿಗೆ ಒಳ್ಳೇದಲ್ಲ. ಏನು ಮಾಡ್ದೆ ಇದಕ್ಕೆ?”

“ನಾನೇನೂ ಮಾಡಿಲ್ಲ ಅತ್ತೆ. ಹುಳ ಹತ್ತಿದೆ, ನೋಡಿ.” ಕಾಂಡಕ್ಕೆ ಅಂಟಿದ್ದ ಕಂದು ಹಕ್ಕಳೆಯೊಂದನ್ನು ಅವಳು ಉಗುರಿನಿಂದ ಎಬ್ಬಿಸಿದಳು. “ಗಿಡದ್ದೇ ಆಗಿದ್ರೆ ಹೀಗೆ ಕಳಚಿ ಬರ್ತಿರಲಿಲ್ಲ. ಚಿಪ್ಪಿನೊಳಗೆ ಕೂತು ರಸ ಹೀರುತ್ತೆ. ಸೋಪಿನ ನೀರಿಗೆ ಬೇವಿನೆಣ್ಣೆ ಹಾಕಿ ಒರೆಸ್ತಿದ್ದೀನಿ, ಹೋಗುತ್ತೆ.”

ಅತ್ತೆ ಹುಳವನ್ನು ನೋಡಲೇ ಇಲ್ಲ, ಸೊಸೆಯನ್ನೇ ನೋಡಿದರು.

“ಮೈಲಿಗೆಯಾಗದೆ ತುಳಸಿಗೆ ಹುಳ ಹತ್ತಲ್ಲ. ನನ್ನ ಮಂಡಿ ಹಿಡ್ಕೊಂಡಾಗಿಂದ, ಮೂರು ತಿಂಗಳು, ದಿನಾ ನೀನೇ ನೀರು ಹಾಕಿದ್ದೀಯ. ಒಂದು ದಿನಾನೂ ಬಿಟ್ಟಿಲ್ಲ. ಮುಟ್ಟಿನ ದಿನಗಳಲ್ಲೂ ಹಾಕಿದ್ದೀಯ ತಾನೆ? ನಿಜ ಹೇಳು!”

ಸೊಸೆ ಕೈಯಲ್ಲಿದ್ದ ಹತ್ತಿಯನ್ನು ಕೆಳಗಿಟ್ಟಳು. ಆಣೆ ಇಡದೆ ಅತ್ತೆ ನಂಬುವವರಲ್ಲ. ಅವಳು ತುಳಸಿಯ ಬುಡಕ್ಕೆ ಕೈ ಇಟ್ಟಳು.

“ತುಳಸಮ್ಮನಾಣೆ ಅತ್ತೆ, ಅಂಥ ತಪ್ಪು ಮಾಡಿಲ್ಲ. ಈ ಮೂರು ತಿಂಗಳು ನಾನು ಮುಟ್ಟಾಗೇ ಇಲ್ಲ.”

ಅತ್ತೆಯ ಮುಖ ಸಡಿಲಾಯಿತು. ನಿಟ್ಟುಸಿರು ಬಿಟ್ಟು ತುಳಸಿಗೆ ಕೈ ಮುಗಿದರು. ಮುಗಿದ ಕೈ ಹಾಗೇ ನಿಂತಿತು.

“ಎಷ್ಟು ತಿಂಗಳು ಅಂದೆ?”