ಮಷಿನ್ ಸಪ್ಪಳ

ಗಂಗೋತ್ರಿ ಹೊಸ್ತಿಲಲ್ಲಿ ನಿಂತು ಮತ್ತೆ ಮತ್ತೆ ಕರೆದರೂ ಒಳಗಿನ ಹೊಲಿಗೆ ಮಷಿನ್ ನಿಲ್ಲಲಿಲ್ಲ. ಹೋದ ವರ್ಷ ಇದೇ ಮನೆಯ ಸೊಸೆ ಶಿವಲಕ್ಷ್ಮಿ, ಅತ್ತೆ ಸಂತೆಗೆ ಹೋಗಿದ್ದಾಗ, ಯಾರಿಗೂ ಹೇಳದ್ದನ್ನು ಅವಳಿಗೆ ಹೇಳಿದ್ದಳು: "ಯಾರ ಜೋಡಿನೂ ಮಾತು ಬ್ಯಾಡ ಅನಿಸಿದಾಗ ಬಟ್ಟಿ ಇಲ್ದನ ಮಷಿನ್ ಓಡಿಸ್ತೀನ್ರಿ ಮೇಡಂ. ಸಪ್ಪಳ ಕೇಳಿದ್ರ ಕೆಲಸದಾಗ ಅದಾಳಂತ ಯಾರೂ ಕರಿಯಂಗಿಲ್ಲ. ಅಷ್ಟೊತ್ತು ನಾ ಯಾರಿಗೂ ಸೇರಿದಾಕಿ ಅಲ್ಲ."

ಹೆಂಗಸರ ಮನಸ್ಸಿನ ಬಗ್ಗೆ ಸಂಶೋಧನೆ ಮಾಡುವ ಗಂಗೋತ್ರಿಗೆ ಇಂಥ ಉದಾಹರಣೆ ಬೇರೆಲ್ಲೂ ಸಿಕ್ಕಿರಲಿಲ್ಲ. ಹೆಸರು, ಊರು ಬದಲಿಸಿ ಬೆಂಗಳೂರಿನ ಸಭೆಯೊಂದರಲ್ಲಿ ಹೇಳಿಬಿಟ್ಟಿದ್ದಳು. ಜನ ಚಪ್ಪಾಳೆ ತಟ್ಟಿದ್ದರು. ಆ ವಿಡಿಯೊ ಇಲ್ಲಿ, ರಾಯದುರ್ಗದ ಜೀನ್ಸ್ ಹೊಲಿಯುವ ಓಣಿಗಳ ಫೋನುಗಳಿಗೂ ಬಂದಿದೆ ಎಂದು ತಿಳಿದ ಮೇಲೆಯೇ, ಮೊದಲೇ ಶಿವಲಕ್ಷ್ಮಿಯನ್ನೊಂದು ಮಾತು ಕೇಳಬೇಕಿತ್ತು ಎಂಬುದು ಚುಚ್ಚತೊಡಗಿತ್ತು.

ಅತ್ತೆ ಬಾಲಮ್ಮ ಹೊರಗೆ ಬಂದು ಚಾಪೆ ಹಾಸಿದಳು. "ಬರ್ರಿ ಮೇಡಂ. ನಿಮ್ಮ ಭಾಷಣ ಎಲ್ಲಾರೂ ಕೂಡಿ ನೋಡಿದ್ವಿ. ಬಟ್ಟಿ ಇಲ್ದನ ಮಷಿನ್ ಓಡಸಾಕಿ ಯಾವ ಊರಾಕೀರಿ? ನಾವು ನಕ್ಕಿದ್ದ ನಕ್ಕಿದ್ದು. ನಮ್ಮ ಸೊಸಿ ಒಬ್ಬಾಕಿ ನಗಲಿಲ್ಲ ನೋಡ್ರಿ."

ಸದ್ಯ, ಯಾರಿಗೂ ಗೊತ್ತಾಗಿಲ್ಲ. ಗಂಗೋತ್ರಿಯ ಎದೆ ಹಗುರಾಯಿತು. ತಪ್ಪಾಯಿತು ಎನ್ನುವ ಅಗತ್ಯವೂ ಇಲ್ಲವೇನೋ ಅಂದುಕೊಳ್ಳುತ್ತ ಅವಳು ಒಳಗೆ ಇಣುಕಿದಳು. "ಲಕ್ಷ್ಮೀ, ಮೇಡಂ ಬಂದಾರ," ಎಂದು ಬಾಲಮ್ಮ ಕೂಗಿ, ಮಷಿನ್ ಸಪ್ಪಳ ನಿಲ್ಲದಿದ್ದಾಗ, "ಅರ್ಜೆಂಟ್ ಪೀಸ್ ಇರಬೇಕ್ರಿ," ಎಂದಳು. ಗೋಡೆಯ ಪಕ್ಕ ಕೂತಿದ್ದ ಶಿವಲಕ್ಷ್ಮಿ ತಲೆ ಎತ್ತಲಿಲ್ಲ. ಅವಳ ಕಾಲು ಪೆಡಲನ್ನು ಇನ್ನಷ್ಟು ಒತ್ತಿತು.

ಸೂಜಿಯ ಕೆಳಗೆ ಬಟ್ಟೆ ಇರಲಿಲ್ಲ.